ಕಾಕಾ ತಿರುಗಿದ ಕಡೆ

ಯಾರಾದರೂ ಅರಿಷಿಣ ಕುಟ್ಟುತ್ತಿದ್ದರೆ, ಆ ವಾಸನೆಗೆ ನನಗೆ ಈಗಲೂ ತುರೋರಿ ಊರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಚಿಕ್ಕ ಹುಡುಗಿ. ಹೆದ್ದಾರಿ ಪಕ್ಕದ ಹೊಲದಲ್ಲಿ ನಮ್ಮ ಕುರಿಗಳು ಮೇಯುತ್ತಿದ್ದವು. ಅಪ್ಪನ ತಮ್ಮ, ನಮ್ಮ ಕಾಕಾ, ಕೊರಳಗಂಟೆಯ ಸಪ್ಪಳದಿಂದಲೇ ಯಾವ ಕುರಿ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಅವತ್ತು ಟಗರಿನ ಗಂಟೆ ಎಡಕ್ಕೆ, ಬಾವಿಯ ಹತ್ತಿರ ಕೇಳಿಸಿತು. ಕಾಕಾ ಬಲಕ್ಕೆ, ರಸ್ತೆಯ ಕಡೆ ತಿರುಗಿದ.

“ಕಾಕಾ, ಟಗರು ಇತ್ಲಾಗ ಅದ!”

“ಕಿವ್ಯಾಗ ಹತ್ತಿ ತುರುಕ್ಕೊಂಡಿ ಏನ್, ಹುಚ್ಚಿ? ರಸ್ತಾದಾಗ ಕೇಳ್ಲಾಕತ್ತದ,” ಎಂದು ನಕ್ಕ. ಆಮೇಲೆ ನಗು ಹಾಗೇ ನಿಂತಿತು. “ಗಂಟಿ ಅಷ್ಟೇ ಅಲ್ಲ. ಯಾರೋ ನನ್ನ ಹೆಸರ ಹಿಡಿದು ಕರೀಲಾಕತ್ತಾರ.”

ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದ ಅಜ್ಜಿ ಗಡಬಡಿಸಿ ಎದ್ದಳು. ಸೆರಗಿನ ಗಂಟಿನಿಂದ ನಮ್ಮ ಮನೆದೇವರು ಬೀರಪ್ಪನ ಭಂಡಾರ ತೆಗೆದು, ಆ ಅರಿಷಿಣದ ಪುಡಿಯನ್ನು ಅವನ ಹಣೆತುಂಬ ಬಳಿದಳು. “ದೇವ್ರು ಕರ್ದಾನ. ಯಾರೂ ಅಡ್ಡ ನಿಂದ್ರಬ್ಯಾಡ್ರಿ.”

ದೇವರು ಕರೆದವನನ್ನು ನಮ್ಮಲ್ಲಿ ಯಾರೂ ಮುಟ್ಟಿ ತಡೆಯುವುದಿಲ್ಲ. ಅಪ್ಪ ಕೂಡ ಚಪ್ಪಲಿ ಬಿಟ್ಟು ಕೈಮುಗಿದು ನಿಂತ.

ಕಾಕಾ ನಡೆದೇ ನಡೆದ. ರಸ್ತೆಯಲ್ಲಿ ಕಬ್ಬಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವನ ಕೈ ಹಿಡಿದು, “ಕಾಕಾ, ಬ್ಯಾಡ! ಕಾಕಾ!” ಎಂದು ಚೀರಿದೆ.

ಅವನು ನನ್ನತ್ತ ನೋಡಲೇ ಇಲ್ಲ. ನನ್ನ ದನಿ ಅತ್ತಲಿಂದ ಕೇಳಿಸಿದವನಂತೆ, ಗಾಬರಿಯಿಂದ ಲಾರಿಗಳ ಆಚೆಯ ದಂಡೆಯಲ್ಲಿ ಯಾರನ್ನೋ ಹುಡುಕಿದ.

“ಅಲ್ಲೇ ನಿಂದ್ರು ಕೂಸ, ಅಳಬ್ಯಾಡ, ನಾ ಬಂದೆ,” ಎಂದು ಆಚೆ ಕಡೆಗೆ ಕೂಗಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.