ಹಿಮದೂರಿನ ಕೆಮ್ಮು

ಫ್ರೀಜರಿನಲ್ಲಿ ಕಟ್ಟಿದ ಮಂಜನ್ನು ಕೆರೆಯುವಾಗಲೆಲ್ಲ ನನಗೆ ಬಹ್ರೈನಿನ ಸಲ್ಮಾನಿಯಾದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾನು ಯಾರನ್ನೂ ಬಿಡದೆ ಅಣಕಿಸುತ್ತಿದ್ದೆ: ಅಪ್ಪನ ಹರುಕು ಅರಬಿಯನ್ನು, ಟೀಚರರ ಮೂಗಿನ ದನಿಯನ್ನು, ಬೇರೆ ಯಾರೂ ಸಿಗದಿದ್ದರೆ ನನ್ನದೇ ಉಗ್ಗನ್ನು. ಪಕ್ಕದ ಮನೆಯ ಡ್ರೈವರ್ ಬಶೀರ್ ಚಾಚಾ ಕಾಶ್ಮೀರದ ಬೆಟ್ಟದವರು. ಚಳಿಗಾಲದಲ್ಲಿ ಅವರ ಅಪ್ಪ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಚಾಚಾ ಅದನ್ನು ನಮ್ಮ ಟೇಪ್‌ರೆಕಾರ್ಡರಿನಲ್ಲಿ ಕೇಳಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ಆ ಸಲ ಮುದುಕರು, ಗಟ್ಟಿಯಾದ ಹಳೇ ಹಿಮದ ಮೇಲೆ ಹೊಸದು ಬಿದ್ದಿದೆ, ಯಾವಾಗ ಜಾರುವುದೋ ಎಂದು ಕೆಮ್ಮುತ್ತ ತಮ್ಮ ಬೆಟ್ಟದ ಭಾಷೆಯಲ್ಲಿ ಹೇಳಿದ್ದರು; ನಮಗದನ್ನು ಹಿಂದಿಯಲ್ಲಿ ತಿಳಿಸಿದ್ದು ಚಾಚಾ. ನಾನು ಆ ಕೆಮ್ಮನ್ನು ಮಾಡಿ ತೋರಿಸಿದಾಗ ಚಾಚಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. "ಸಾಕು ಮಾರಾಯ ನಿನ್ನ ಮಂಗಾಟ," ಎಂದು ಅಮ್ಮನೂ ನಕ್ಕಿದ್ದಳು.

ಹಿಮ ಜಾರಿ ಮುದುಕರು ತೀರಿಕೊಂಡ ಸುದ್ದಿ ಬಂದ ಮೇಲೆ, ಒಂದು ಮಧ್ಯಾಹ್ನ ಚಾಚಾ ಬಂದು ನನ್ನೆದುರು ಚಾಪೆಯ ಮೇಲೆ ಕೂತರು.

"ಬೇಟಾ, ಟೇಪಿನಲ್ಲಿದ್ದ ಅಬ್ಬಾನ ದನಿಯನ್ನು ನಾನೇ ಅಳಿಸಿ ಕಳಿಸಿಬಿಟ್ಟೆ," ಎಂದು ಹಿಂದಿಯಲ್ಲಿ ಹೇಳಿದರು. "ನೀನೊಮ್ಮೆ ಅವರ ಹಾಗೆ ಮಾತಾಡು."

"ಮಾಡು ಮಗ, ಅವರೇ ಕೇಳ್ತಿದ್ದಾರಲ್ಲ," ಎಂದಳು ಅಮ್ಮ. ನಾನು ಕೆಮ್ಮಿದೆ. ಚಾಚಾ ಕಣ್ಣು ಮುಚ್ಚಿಕೊಂಡರು. ಇನ್ನೊಮ್ಮೆ ಕೆಮ್ಮಿದೆ.

"ಹ್ಞೂಂ, ಅವರೇ. ಆಮೇಲೆ ನನಗೇನೋ ಹೇಳಿದರಲ್ಲ, ಅದು?"

ಅವರ ಭಾಷೆ ನನಗೆ ಬರುತ್ತಿರಲಿಲ್ಲ; ನಗಿಸುವಷ್ಟನ್ನು, ಆ ಕೆಮ್ಮನ್ನು ಮಾತ್ರ ನಾನು ಕಲಿತಿದ್ದೆ. ಚಾಚಾ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು.