ಸಾಧು ಓತಿ

"ನೋಡಿ ಡಾಕ್ಟ್ರೇ, ಎಷ್ಟು ಸಾಧು!" ಎನ್ನುತ್ತ ಎಲೆಕ್ಟ್ರಿಷಿಯನ್ ಮನೆಯಲ್ಲಿ ಸಾಕಿದ್ದ ಓತಿಯನ್ನು ಅಂಗೈಯಿಂದ ಮೇಜಿನ ಮೇಲಿಳಿಸಿದ. "ತಂದ ಹೊಸದರಲ್ಲಿ ಕೈ ಕಂಡರೆ ಓಟ ಕೀಳ್ತಿತ್ತು. ಈಗ ಹೇಗೆ ಎತ್ತಿದ್ರೂ ಕಮಕ್ ಕಿಮಕ್ ಅನ್ನಲ್ಲ. ಎರಡು ದಿನದಿಂದ ಏನೂ ತಿಂತಿಲ್ಲ, ಅಷ್ಟೇ."

ಪಕ್ಕದಲ್ಲಿ ಮಗಳು ನಿಂತಿದ್ದಳು. ಓತಿ ಅವಳದು, ವರ್ಷದ ಹಿಂದೆ ಹುಟ್ಟುಹಬ್ಬಕ್ಕೆ ಅಪ್ಪನೇ ಕೊಡಿಸಿದ್ದು.

ಪಶುವೈದ್ಯೆ ಅದರ ದವಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರು. ದವಡೆ ರಬ್ಬರಿನ ಹಾಗೆ ಬಾಗಿತು. "ಗೂಡಿಗೆ ಯಾವ ಬಲ್ಬ್ ಹಾಕಿದ್ದೀರಿ?"

"ಅರವತ್ತು ವ್ಯಾಟಿನದು. ಬೆಚ್ಚಗಿರುತ್ತೆ, ಬೆಳಕೂ ಜೋರು."

"ಬಿಸಿಲಲ್ಲಿರೋ ಕಿರಣ ಅದರಲ್ಲಿಲ್ಲ. ಆ ಕಿರಣ ಮೈಗೆ ಬೀಳದಿದ್ರೆ ಸುಣ್ಣದ ಅಂಶ ಮೂಳೆಗೆ ಹತ್ತಲ್ಲ. ತಿನ್ನೋಕೇನು ಕೊಡ್ತೀರಿ?"

"ಸೌತೆಕಾಯಿ."

"ಮಿಡತೆ, ಹುಳ?"

ಅವನು ಮಗಳ ಮುಖ ನೋಡಿದ. ಬೇರೆ ಥರದ ಬಲ್ಬು, ಮಿಡತೆ, ಅದಕ್ಕೆ ಸವರುವ ಸುಣ್ಣದಂಶದ ಬಿಳಿ ಪುಡಿ ಎಲ್ಲವನ್ನೂ ಅವಳು ಮೊದಲ ವಾರವೇ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. "ಮೂವತ್ತು ವರ್ಷದಿಂದ ಮನೆಮನೆಗೆ ದೀಪ ಹಾಕಿದೋನಿಗೆ ನೀನು ಬಲ್ಬಿನ ಪಾಠ ಹೇಳ್ತೀಯಾ? ಬೆಳಕು ಅಂದ್ರೆ ಬೆಳಕೇ ಕಣೇ" ಎಂದು ನಕ್ಕಿದ್ದ. ಹುಳಹುಪ್ಪಟೆ ಮನೆಯೊಳಗೆ ಬರಕೂಡದು ಎಂದೂ ಹೇಳಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ವೈದ್ಯೆ ಓತಿಯ ಎಕ್ಸ್‌ರೇ ತೆಗೆದು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಸಾಧು ಆಗಿಲ್ಲ ರೀ. ಓಡೋಕೆ ಶಕ್ತಿ ಇಲ್ಲ. ನೋಡಿ, ಹಿಂಗಾಲು ಎರಡು ಕಡೆ ಮುರಿದು, ಹಾಗೇ ಸೊಟ್ಟಗೆ ಕೂಡಿಕೊಂಡಿದೆ."

ಎಲೆಕ್ಟ್ರಿಷಿಯನ್ ಎಕ್ಸ್‌ರೇಯ ಹತ್ತಿರಕ್ಕೆ ಬಗ್ಗಿದ. "ಹಾಗಾದ್ರೆ... ಕೆಲಸದಿಂದ ಬಂದು ದಿನಾ ಎತ್ತಿಕೊಳ್ತಿದ್ನಲ್ಲ, ಆಗ ಅದಕ್ಕೆ ನೋವಾಗ್ತಿತ್ತಾ?"

"ಆಗಿರಬೇಕು. ಕೂಗಿ ಹೇಳೋ ಪ್ರಾಣಿ ಅಲ್ಲವಲ್ಲ."

ಜೀವ ಉಳಿಯುತ್ತದೆ, ಕಾಲು ಮಾತ್ರ ನೆಟ್ಟಗಾಗುವುದಿಲ್ಲ ಎಂದರು.

ಸಂಜೆಯೇ ಅವನು ಹೊಸ ದೀಪ ತಂದು ಗೂಡಿಗೆ ಕೂರಿಸಿದ. ಎಷ್ಟು ಎತ್ತರದಲ್ಲಿರಬೇಕೆಂದು ಡಬ್ಬದ ಮೇಲಿದ್ದುದನ್ನು ಮಗಳಿಂದ ಓದಿಸಿ, ಟೇಪು ಹಿಡಿದು ಎರಡೆರಡು ಸಲ ಅಳೆದ. ಮಿಡತೆಗಳಿಗೆ ತಾನೇ ಪುಡಿ ಸವರಿದ.

"ಅಪ್ಪಾ, ಇನ್ನು ಅದನ್ನ ನೀನೇ ಎತ್ತಿ ಒಳಗೆ ಬಿಡು" ಎಂದಳು ಮಗಳು. "ನಿನ್ನ ಕೈ ಅಂದ್ರೆ ಅದಕ್ಕೆ ಇಷ್ಟ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.