ಲಟಕ್ ಅನ್ನದ ಬೆರಳು

ಹೋದ ವಾರವಷ್ಟೇ ಬೆರಳು ಗಟ್ಟಿ ಮಾಡಿಸಿಕೊಂಡು ಹೋಗಿದ್ದ ಜಯಶೀಲಮ್ಮ, ಅಳುತ್ತಿದ್ದ ಮೊಮ್ಮಗಳನ್ನು ಎತ್ತಿಕೊಂಡು ಮುನಾವರನ ಕುಲುಮೆ ಅಂಗಡಿಗೆ ನುಗ್ಗಿದರು.

“ಏನಪ್ಪಾ ಮಾಡಿಟ್ಟಿದೀಯ ನನ್ನ ಕೈನ?”

ಮಂಡಿ ಮೊಹಲ್ಲಾದಲ್ಲಿ ದೊಡ್ಡವರೆಲ್ಲರ ಬೆರಳೂ ಟೈಟಾನಿಯಂನವೇ. ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಗಿಣ್ಣುಗಳು ಉಜ್ಜಿ ಉಜ್ಜಿ ಬೇಗ ಸವೆಯುತ್ತವೆ. ಅದಕ್ಕೇ ಈಚೆಗೆ ಜನ ಬೆಳಿಗ್ಗೆ ಬೆರಳು ಕಳಚಿ ಕೊಡುತ್ತಿದ್ದರು. ಮುನಾವರ್ ಅವನ್ನು ಸಾರಜನಕ ತುಂಬಿದ ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿ, ಸಂಜೆಗೆ ಚಿನ್ನದ ಬಣ್ಣ ಬರಿಸಿ ತೊಡಿಸುತ್ತಿದ್ದ.

ಅವನು ಜಯಶೀಲಮ್ಮನ ಬೆರಳುಗಳನ್ನು ಮಡಚಿ ನೋಡಿದ. “ಬೆಣ್ಣೆ ಥರ ಆಡ್ತಾವಲ್ಲಮ್ಮ!”

“ಅದೇ ನನ್ನ ಗೋಳು! ಈ ಚಿನ್ನದ ಕೈ ನೋಡೋಕೆ ಬೀದಿಯವರೆಲ್ಲ ಮನೆಗೆ ಬಂದ್ರು, ಮಗೂಗೆ ದೃಷ್ಟಿ ಆಯ್ತು. ನಿನ್ನೆಯಿಂದ ಹಾಲೂ ಮುಟ್ಟಿಲ್ಲ. ನೆಟಿಗೆ ಮುರಿದು ದೃಷ್ಟಿ ತೆಗೆಯೋಣ ಅಂದ್ರೆ ಒಂದು ಬೆರಳೂ ಲಟಕ್ ಅನ್ನಲ್ಲ!”

ಮಗುವನ್ನು ಮೇಜಿನ ಮೇಲೆ ಕೂರಿಸಿ, ಬೆರಳುಗಳನ್ನು ತಮ್ಮ ಹಣೆಯ ಎರಡೂ ಬದಿಗೆ ಒತ್ತಿ ತೋರಿಸಿದರು. ಸದ್ದೇ ಇಲ್ಲ. ಮಗು ಇನ್ನೂ ಜೋರಾಗಿ ಅತ್ತಿತು.

ಹೊರಗೆ ಸಾಲು ನಿಂತಿದ್ದ ಗಿರಾಕಿಗಳತ್ತ ನೋಡಿ ಮುನಾವರ್ ಬಾಗಿಲು ಎಳೆದುಕೊಂಡ. ಮಗುವಿನ ಮುಖ ನೀವಿ, ತನ್ನ ಹಣೆಗೆ ಬೆರಳು ಒತ್ತಿದ. ಲಟಲಟಲಟ! ಮಗು ಅಳು ಮರೆತು ಬಾಯಿ ತೆರೆದುಕೊಂಡು ನೋಡಿತು.

ಜಯಶೀಲಮ್ಮನ ಕಣ್ಣು ಅವನ ಸವೆದ, ಬೂದು ಬಣ್ಣದ ಬೆರಳುಗಳ ಮೇಲೆ ಬಿತ್ತು. “ಅಲ್ಲ ಕಣಪ್ಪ, ಊರಿಗೆಲ್ಲ ಗಟ್ಟಿ ಮಾಡ್ಕೊಡ್ತೀಯ, ನಿಂದ್ಯಾಕೆ ಹಂಗೇ ಬಿಟ್ಟಿದೀಯ?”

“ಮೆಲ್ಲಗೆ ಮಾತಾಡಿ ಅಮ್ಮ,” ಎಂದ ಮುನಾವರ್. “ನನ್ನ ಮನೇಲೂ ಮಕ್ಕಳಿದಾವೆ.”